ಸಿಡುಬನ್ನು ಗೆದ್ದ ಹಳ್ಳಿ ಡಾಕ್ಟರು: ಎಡ್ವರ್ಡ್ ಜೆನ್ನರ್

ಬೇಸಿಗೆಯಲ್ಲಿ ಊರಿನಿಂದ ನಮ್ಮ ಮನೆಗಳಿಗೆ ಬರುವ ಅಜ್ಜ ಅಜ್ಜಿಯರ ತೋಳನ್ನು ಒಮ್ಮೆ ಗಮನಿಸಿ ನೋಡಿ. ನಾಲ್ಕಾಣೆ ಕಾಸಿನಷ್ಟು ಅಗಲದ, ಸುಕ್ಕುಗಟ್ಟಿದ ಗುಂಡನೆಯ ಕಲೆಯೊಂದು ಇರುತ್ತದೆ, ಕೆಲವರಿಗೆ ಎರಡು. ಹಳೇ ಮೈಸೂರಿನ ಕಡೆಯವರು ಅದನ್ನು ದಾಕು ಹಾಕಿದ ಗುರುತು ಎನ್ನುತ್ತಾರೆ. ದಾಕು ಹಾಕುವವರು ಊರೊಳಗೆ ಬಂದರೆಂದರೆ ಮಕ್ಕಳೆಲ್ಲ ಅಟ್ಟ ಹತ್ತಿ, ಹುಲ್ಲಿನ ಬಣವೆಯ ಹಿಂದೆ ಅವಿತುಕೊಳ್ಳುತ್ತಿದ್ದ ಕಥೆಗಳನ್ನು ಅವರ ಬಾಯಿಂದಲೇ ಕೇಳಬೇಕು. ನಲವತ್ತರ ಆಸುಪಾಸಿನಲ್ಲಿರುವ ನಮ್ಮಂಥವರಿಗೆ ಆ ಗುರುತು ಇಲ್ಲ. (ನಮ್ಮ ಎಡತೋಳಿನ ಮೇಲಿರುವುದು ಕ್ಷಯಕ್ಕೆಂದು ಹಾಕಿದ ಬಿ.ಸಿ.ಜಿ. ಗುರುತು. ಅದರ ಕಥೆ ಬೇರೆ.) ಇಲ್ಲಿ ಅಮೆರಿಕದಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಎರಡೂ ಇಲ್ಲ.

ಇದಕ್ಕೆ ಕಾರಣ, ಒಂದು ರೋಗ ಭೂಮಿಯ ಮೇಲಿಂದಲೇ ಇಲ್ಲವಾದದ್ದು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1977ರ ಅಕ್ಟೋಬರಿನಲ್ಲಿ ಸೋಮಾಲಿಯಾದ ಆಸ್ಪತ್ರೆಯ ಅಡಿಗೆಯವನೊಬ್ಬನಿಗೆ ಬಂದದ್ದೇ ಸಹಜವಾಗಿ ಹರಡಿದ ಸಿಡುಬಿನ ಕಟ್ಟಕಡೆಯ ಪ್ರಕರಣ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಸಿಡುಬು ನಿರ್ಮೂಲವಾಯಿತೆಂದು ಸಾರಿತು. ನಾವು ಎಂ.ಬಿ.ಬಿ.ಎಸ್. ಓದುವ ಹೊತ್ತಿಗೆ ಸಿಡುಬು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಹಳೆಯ ಅಧ್ಯಾಯವಾಗಿತ್ತು. ಕಣ್ಣಾರೆ ಕಂಡಿದ್ದವರು ನಮ್ಮ ಗುರುಗಳಲ್ಲಿ ತೀರ ಹಿರಿಯರು ಮಾತ್ರ.

ನಮ್ಮ ಹಿರಿಯರು ಅದರ ಹೆಸರು ಹೇಳಲೂ ಅಂಜುತ್ತಿದ್ದರು. ಅಮ್ಮ ಬಂದಿದ್ದಾಳೆ ಎಂದಷ್ಟೇ ಹೇಳಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮನೆಯಲ್ಲಿ ಒಗ್ಗರಣೆ ಹಾಕದೆ, ಮಾರಮ್ಮನಿಗೆ ಹರಕೆ ಹೊತ್ತು ಕುಳಿತಿರುತ್ತಿದ್ದರು. ಸಿಡುಬು ಬಂದ ಹತ್ತು ಮಂದಿಯಲ್ಲಿ ಮೂವರು ಸಾಯುತ್ತಿದ್ದರು. ಉಳಿದವರ ಮುಖದ ಮೇಲೆ ಆಳವಾದ ಕಲೆ. ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ಇಪ್ಪತ್ತನೆಯ ಶತಮಾನವೊಂದರಲ್ಲೇ ಸುಮಾರು 30 ಕೋಟಿ ಜನ ಇದರಿಂದ ಸತ್ತರೆಂದು ಅಂದಾಜು. ಇಂಥ ರೋಗವನ್ನು ಓಡಿಸುವ ಕೆಲಸಕ್ಕೆ ಮೊದಲ ಹೆಜ್ಜೆ ಇಟ್ಟವನು ದೊಡ್ಡ ವಿಶ್ವವಿದ್ಯಾನಿಲಯದ ಪಂಡಿತನಲ್ಲ, ಇಂಗ್ಲೆಂಡಿನ ಒಂದು ಹಾಲು ಕರೆಯುವ ಊರಿನ ಡಾಕ್ಟರು. ಕೂಟದ ವಾರ್ಷಿಕೋತ್ಸವದ ಸಂಚಿಕೆಗೆ ವಿಜ್ಞಾನದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಿತ್ರರು ಕೇಳಿದಾಗ ನಮಗೆ ಮೊದಲು ನೆನಪಾದದ್ದು ಅವನೇ.

ಎಡ್ವರ್ಡ್ ಜೆನ್ನರ್ ಹುಟ್ಟಿದ್ದು 1749ರ ಮೇ 17ರಂದು, ಗ್ಲಾಸ್ಟರ್‌ಷೈರ್ ಪ್ರಾಂತ್ಯದ ಬರ್ಕ್ಲಿ ಎಂಬಲ್ಲಿ. (ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲ, ಇಂಗ್ಲೆಂಡಿನವರು ತಮ್ಮ ಊರನ್ನು ಬಾರ್ಕ್ಲಿ ಎಂದೇ ಉಚ್ಚರಿಸುತ್ತಾರೆ.) ತಂದೆ ಆ ಊರಿನ ಚರ್ಚಿನ ಪಾದ್ರಿ. ಒಂಬತ್ತು ಮಕ್ಕಳಲ್ಲಿ ಎಡ್ವರ್ಡ್ ಎಂಟನೆಯವನು. ಐದು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಹುಡುಗನನ್ನು ಅಣ್ಣ ಅಕ್ಕಂದಿರೇ ಸಾಕಿದರು.

ಎಂಟನೆಯ ವಯಸ್ಸಿನಲ್ಲಿ ಅವನಿಗೆ ಸಿಡುಬನ್ನು ಹಾಕಿಸಿದರು. ಹೌದು, ಸಿಡುಬನ್ನೇ. ರೋಗಿಯ ಗುಳ್ಳೆಯಿಂದ ತೆಗೆದ ಕೀವನ್ನು ಆರೋಗ್ಯವಂತನ ಚರ್ಮದಲ್ಲಿ ಗೀರಿ ಇಟ್ಟರೆ ಸಾಮಾನ್ಯವಾಗಿ ಹಗುರವಾದ ಸಿಡುಬು ಬಂದು ಹೋಗುತ್ತದೆ, ಮುಂದೆ ಆ ಮನುಷ್ಯನಿಗೆ ಸಿಡುಬು ಬರುವುದಿಲ್ಲ ಎಂಬುದು ಏಷ್ಯಾದಲ್ಲಿ ಬಹುಕಾಲದಿಂದ ಗೊತ್ತಿತ್ತು. ಚೀನಾದಲ್ಲಿ ಒಣಗಿದ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದರು. ಬಂಗಾಳದಲ್ಲಿ ಮನೆಮನೆಗೆ ಹೋಗಿ ಚುಚ್ಚುವ ಟೀಕಾದಾರರಿದ್ದರು. ತುರ್ಕಿಯಲ್ಲಿ ಇದನ್ನು ಕಂಡ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯೂ ಎಂಬಾಕೆ 1721ರಲ್ಲಿ ಲಂಡನ್ನಿನಲ್ಲಿ ತನ್ನ ಮಗಳಿಗೆ ಹಾಕಿಸಿ ಈ ಪದ್ಧತಿಯನ್ನು ಇಂಗ್ಲೆಂಡಿಗೆ ಪರಿಚಯಿಸಿದಳು. ಇದರಿಂದ ಸಾಯುವವರು ನೂರಕ್ಕೆ ಒಬ್ಬರೋ ಇಬ್ಬರೋ. ನೂರಕ್ಕೆ ಮೂವತ್ತರ ಎದುರು ಅದು ದೊಡ್ಡ ಲಾಭವೇ. ಆದರೆ ತೊಂದರೆ ಏನೆಂದರೆ, ಹಾಕಿಸಿಕೊಂಡವನಿಗೆ ಬರುವುದು ನಿಜವಾದ ಸಿಡುಬೇ. ಅವನಿಂದ ಪಕ್ಕದ ಮನೆಗೆ ಹರಡಬಹುದು, ಹರಡುತ್ತಲೂ ಇತ್ತು.

ಇಂಗ್ಲೆಂಡಿನ ಡಾಕ್ಟರುಗಳು ಈ ಸರಳ ಪದ್ಧತಿಗೆ ತಮ್ಮದೊಂದಿಷ್ಟು ಶಾಸ್ತ್ರ ಸೇರಿಸಿದ್ದರು. ಎಂಟು ವರ್ಷದ ಎಡ್ವರ್ಡನಿಗೆ ಮೊದಲು ಆರು ವಾರ ರಕ್ತ ತೆಗೆದರು, ಭೇದಿಗೆ ಕೊಟ್ಟರು, ಅರೆಹೊಟ್ಟೆಯಲ್ಲಿ ಇಟ್ಟರು. ಹುಡುಗ ಎಲುಬಿನ ಗೂಡಾದ ಮೇಲೆ ಸಿಡುಬಿನ ಕೀವು ಹಾಕಿ, ಬೇರೆ ಮಕ್ಕಳೊಂದಿಗೆ ಒಂದು ಲಾಯದಲ್ಲಿ ಕೂಡಿಹಾಕಿದರು. ಬದುಕಿ ಬಂದ, ನಿಜ. ಆದರೆ ಆಮೇಲೆ ಬಹಳ ವರ್ಷ ಅವನಿಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ, ಸಣ್ಣ ಸದ್ದಿಗೂ ಬೆಚ್ಚುತ್ತಿದ್ದ. ಮುಂದೆ ಅವನು ಮಾಡಿದ ಕೆಲಸದ ಬೇರು ಆ ಲಾಯದಲ್ಲಿತ್ತೇನೋ ಎಂದು ನಮಗೆ ಅನ್ನಿಸುವುದುಂಟು.

ಹದಿಹರೆಯಕ್ಕೆ ಕಾಲಿಡುವಾಗಲೇ ಹತ್ತಿರದ ಸಾಡ್ಬರಿ ಎಂಬ ಊರಿನ ಶಸ್ತ್ರವೈದ್ಯನ ಬಳಿ ಕೆಲಸ ಕಲಿಯಲು ಸೇರಿದ. 1770ರಲ್ಲಿ ಲಂಡನ್ನಿಗೆ ಹೋಗಿ ಸೇಂಟ್ ಜಾರ್ಜ್ ಆಸ್ಪತ್ರೆಯ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರನ ಶಿಷ್ಯನಾಗಿ, ಅವನ ಮನೆಯಲ್ಲೇ ಉಳಿದ. ಇದು ಅವನ ಪಾಲಿನ ರೆಸಿಡೆನ್ಸಿ ಎನ್ನಬಹುದು. ಹಂಟರ್ ಒರಟು ಮಾತಿನ, ಹುಚ್ಚು ಕುತೂಹಲದ ಮನುಷ್ಯ. ಹೀಗಿರಬಹುದೇ, ಹಾಗಿರಬಹುದೇ ಎಂದು ತರ್ಕಿಸುತ್ತ ಕೂರುವ ಶಿಷ್ಯರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಯೋಚನೆ ಬಿಟ್ಟು ಪ್ರಯೋಗ ಮಾಡಿ ನೋಡು ಎಂಬುದೇ ಅವನ ಪಾಠ. ಜೆನ್ನರ್ ಊರಿಗೆ ಮರಳಿದ ಮೇಲೂ ಇಬ್ಬರ ಪತ್ರವ್ಯವಹಾರ ಇಪ್ಪತ್ತು ವರ್ಷ ನಡೆಯಿತು. ಹೆಜ್‌ಹಾಗ್ ಎಂಬ ಸಣ್ಣ ಮುಳ್ಳುಪ್ರಾಣಿ ಚಳಿಗಾಲದಲ್ಲಿ ನಿದ್ರಿಸುವಾಗ ಅದರ ಮೈಯ ಬಿಸಿ ಎಷ್ಟಿರುತ್ತದೆ ಎಂದು ಅಳೆದು ಕಳಿಸು ಎಂದು ಗುರು ಬರೆಯುವುದು, ಶಿಷ್ಯ ಹಿಮದಲ್ಲಿ ಹೋಗಿ ಅಳೆಯುವುದು, ಹೀಗೆ.

ಲಂಡನ್ನಿನಲ್ಲಿದ್ದಾಗ, ಕ್ಯಾಪ್ಟನ್ ಕುಕ್ ಮೊದಲ ಯಾನದಿಂದ ತಂದ ಸಸ್ಯ ಪ್ರಾಣಿಗಳ ಮಾದರಿಗಳನ್ನು ವಿಂಗಡಿಸುವ ಕೆಲಸದಲ್ಲಿ ಜೆನ್ನರ್ ನೆರವಾಗಿದ್ದ. ಎರಡನೆಯ ಯಾನಕ್ಕೆ ಹಡಗು ಹತ್ತುವ ಅವಕಾಶವೂ ಬಂತು. ಅವನು ಒಲ್ಲೆನೆಂದು ಬರ್ಕ್ಲಿಗೆ ಹಿಂತಿರುಗಿದ. ಊರು ಬಿಟ್ಟು ಸಮುದ್ರ ದಾಟಿ ಬಂದ ನಮ್ಮಂಥವರಿಗೆ ಇದು ಸ್ವಲ್ಪ ಯೋಚಿಸುವ ವಿಷಯ. ಅಂದು ಅವನು ಹಡಗು ಹತ್ತಿದ್ದರೆ ಹಾಲು ಕರೆಯುವವರ ಕೈಗಳನ್ನು ನೋಡುತ್ತ ಇಪ್ಪತ್ತೈದು ವರ್ಷ ಒಂದೇ ಕಡೆ ಕಳೆಯುತ್ತಿರಲಿಲ್ಲ.

ಊರಿನಲ್ಲಿ ಅವನದು ಎಲ್ಲರಿಗೂ ಬೇಕಾದ ಬದುಕು. ಕುದುರೆಯ ಮೇಲೆ ರೋಗಿಗಳ ಮನೆಗೆ ಹೋಗುವುದು, ಸಂಜೆ ಪಿಟೀಲು, ಕೊಳಲು, ನಡುನಡುವೆ ಕವನ. 1780ರ ದಶಕದಲ್ಲಿ ಹೈಡ್ರೋಜನ್ ತುಂಬಿದ ಬಲೂನನ್ನು ಹಾರಿಸಿ ಊರವರನ್ನು ಬೆರಗುಗೊಳಿಸಿದ. ಕೋಗಿಲೆಯ ಸೋದರಸಂಬಂಧಿಯಾದ ಕುಕ್ಕೂ ಹಕ್ಕಿಯ ಬಗ್ಗೆ ಅವನು ಮಾಡಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ಬೇರೆ ಹಕ್ಕಿಯ ಗೂಡಿನಲ್ಲಿ ಹುಟ್ಟಿದ ಕುಕ್ಕೂ ಮರಿ, ಇನ್ನೂ ಕಣ್ಣು ಬಿಡುವ ಮೊದಲೇ, ಆ ಮನೆಯ ಮೊಟ್ಟೆ ಮರಿಗಳನ್ನು ತನ್ನ ಬೆನ್ನಿನ ಮೇಲಿನ ತಗ್ಗಿನಲ್ಲಿ ಹೊತ್ತು ಗೂಡಿನಿಂದ ಹೊರಕ್ಕೆ ತಳ್ಳುತ್ತದೆ ಎಂದು ಅವನು ಬರೆದ. ಈ ಕೆಲಸಕ್ಕಾಗಿ 1789ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ. ಆದರೂ ಬಹಳ ಮಂದಿ ನಂಬಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕ್ಯಾಮರಾ ಬಂದು ಫೋಟೋ ತೆಗೆದ ಮೇಲೆಯೇ ಆ ಮಾತಿಗೆ ಕೊನೆ ಬಿದ್ದದ್ದು.

ವೈದ್ಯರಿಗೆ ಇಷ್ಟವಾಗುವ ಇನ್ನೊಂದು ಸಂಗತಿ ಇಲ್ಲಿ ಹೇಳಿಬಿಡುತ್ತೇವೆ. ಎದೆನೋವಿನಿಂದ ಸತ್ತವರ ಶವಪರೀಕ್ಷೆ ಮಾಡುವಾಗ ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳು ಗಟ್ಟಿಯಾಗಿರುವುದನ್ನು ಜೆನ್ನರ್ ಕಂಡಿದ್ದ. ಎರಡಕ್ಕೂ ಸಂಬಂಧವಿದೆ ಎಂದು ಮೊದಲು ಊಹಿಸಿದವರಲ್ಲಿ ಅವನೂ ಒಬ್ಬ. ಆದರೆ ಅದೇ ಸಮಯದಲ್ಲಿ ಗುರು ಹಂಟರನಿಗೂ ಎದೆನೋವು ಕಾಣಿಸಿಕೊಂಡಿತ್ತು. ಅವನ ಮನಸ್ಸಿಗೆ ನೋವಾದೀತೆಂದು ಶಿಷ್ಯ ಅದನ್ನು ಪ್ರಕಟಿಸದೆ ಸುಮ್ಮನಾದ. 1793ರಲ್ಲಿ ಹಂಟರ್ ತೀರಿಕೊಂಡಾಗ ಶವಪರೀಕ್ಷೆಯಲ್ಲಿ ಕಂಡದ್ದು ಅದೇ. ಅಂದ ಹಾಗೆ, ಜೆನ್ನರನಿಗೆ ಎಂ.ಡಿ. ಪದವಿ ಸಿಕ್ಕಿದ್ದು 1792ರಲ್ಲಿ, ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಿಂದ, ಪರೀಕ್ಷೆಯಿಲ್ಲದೆ, ಪರಿಚಿತ ವೈದ್ಯರ ಶಿಫಾರಸು ಪತ್ರದ ಮೇಲೆ. ಈ ದೇಶಕ್ಕೆ ಬಂದು ಪರೀಕ್ಷೆಯ ಮೇಲೆ ಪರೀಕ್ಷೆ ಕೊಟ್ಟು ರೆಸಿಡೆನ್ಸಿಗೆ ಅಲೆದ ನಮಗೆ ಇದನ್ನು ಓದಿದಾಗ ಸ್ವಲ್ಪ ಹೊಟ್ಟೆ ಉರಿದದ್ದು ನಿಜ.

ಈಗ ಹಸುವಿನ ವಿಷಯಕ್ಕೆ ಬರೋಣ. ಆ ಭಾಗದ ಹಸುಗಳ ಕೆಚ್ಚಲಿನ ಮೇಲೆ ಆಗಾಗ ಗುಳ್ಳೆಗಳೇಳುತ್ತಿದ್ದವು. ಹಾಲು ಕರೆಯುವವರ ಕೈಗೂ ಅದು ಅಂಟುತ್ತಿತ್ತು. ಎರಡು ದಿನ ಜ್ವರ, ಕೈಮೇಲೆ ಹುಣ್ಣು, ಆಮೇಲೆ ವಾಸಿ. ಹೀಗೆ ದನದ ಸಿಡುಬು ಬಂದವರಿಗೆ ದೊಡ್ಡ ಸಿಡುಬು ಬರುವುದಿಲ್ಲ ಎಂಬುದು ಅಲ್ಲಿನ ರೈತರ ನಂಬಿಕೆ. ಒಬ್ಬ ಹಾಲಿನ ಹುಡುಗಿ ಬಾಲಕ ಜೆನ್ನರನ ಮುಂದೆ ಇದನ್ನು ಹೇಳಿದಳೆಂಬ ಕಥೆ ಶಾಲೆಯ ಪುಸ್ತಕಗಳಲ್ಲಿ ಇದೆ. ಅವನ ಜೀವನಚರಿತ್ರೆ ಬರೆದವನು ಅದನ್ನು ಸೇರಿಸಿದನೆಂದು ಈಗಿನ ಕೆಲವು ಇತಿಹಾಸಕಾರರ ಅನುಮಾನ. ಹೇಗೇ ಇರಲಿ, ಆ ವಿಚಾರ ಜೆನ್ನರನಿಗೆ ಮಾತ್ರ ಹೊಳೆದದ್ದಲ್ಲ. 1774ರಲ್ಲಿ ಡಾರ್ಸೆಟ್‌ನ ಬೆಂಜಮಿನ್ ಜೆಸ್ಟಿ ಎಂಬ ರೈತ, ಊರಿಗೆ ಸಿಡುಬು ಬಂದಾಗ, ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಹೋಗಿ, ಹಸುವಿನ ಕೆಚ್ಚಲಿನ ಗುಳ್ಳೆಯ ಕೀವನ್ನು ಹೆಣಿಗೆಯ ಸೂಜಿಯಿಂದ ಅವರ ತೋಳಿಗೆ ಹಾಕಿದ್ದ. ಊರವರು ಬೈದರು, ಮನುಷ್ಯರ ಮೈಗೆ ದನದ ರೋಗ ಹಾಕಿದ ಪಾಪಿ ಎಂದು ಅಟ್ಟಿಸಿಕೊಂಡು ಬಂದರು. ಮೂವರೂ ಉಳಿದರು. ಆದರೆ ಜೆಸ್ಟಿ ಅದನ್ನು ಬರೆದಿಡಲಿಲ್ಲ, ಮತ್ತೊಬ್ಬರಿಗೆ ಮಾಡಿ ತೋರಿಸಲಿಲ್ಲ. ವಿಷಯ ಅವನ ಹೊಲದ ಬೇಲಿ ದಾಟಲಿಲ್ಲ.

ಜೆನ್ನರ್ ಮಾಡಿದ್ದು ಆ ಬೇಲಿ ದಾಟುವ ಕೆಲಸ. ವರ್ಷಗಟ್ಟಲೆ ಅವನು ದನದ ಸಿಡುಬು ಬಂದಿದ್ದವರ ವಿವರ ಕೂಡಿಹಾಕಿದ: ಯಾರು, ಯಾವ ವಯಸ್ಸಿನಲ್ಲಿ, ಆಮೇಲೆ ಸಿಡುಬಿನ ರೋಗಿಯ ಜೊತೆ ಇದ್ದರೂ ಅಂಟಲಿಲ್ಲವೇ, ಸಿಡುಬಿನ ಕೀವು ಹಾಕಿದರೂ ಏಳಲಿಲ್ಲವೇ. ಜೊತೆಗಿದ್ದ ವೈದ್ಯರು ಇದೆಲ್ಲ ಗೌಳಿಗರ ಮಾತು ಎಂದು ನಗುತ್ತಿದ್ದರು. ಕೊನೆಗೆ 1796ರ ಮೇ 14ರಂದು ಗುರುವಿನ ಪಾಠವನ್ನು ಆಚರಣೆಗೆ ತಂದ. ಬ್ಲಾಸಮ್ ಎಂಬ ಹಸುವಿನಿಂದ ರೋಗ ಅಂಟಿಸಿಕೊಂಡಿದ್ದ ಸಾರಾ ನೆಲ್ಮ್ಸ್ ಎಂಬ ಹಾಲಿನ ಹುಡುಗಿಯ ಕೈಯ ಹುಣ್ಣಿನಿಂದ ರಸ ತೆಗೆದು, ತನ್ನ ತೋಟದ ಆಳಿನ ಮಗ, ಎಂಟು ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿನ ಮೇಲೆ ಎರಡು ಸಣ್ಣ ಗೀರು ಎಳೆದು ಹಾಕಿದ. ಏಳನೆಯ ದಿನ ಕಂಕುಳಲ್ಲಿ ನೋವು, ಒಂಬತ್ತನೆಯ ದಿನ ಸ್ವಲ್ಪ ಚಳಿ, ತಲೆನೋವು, ಊಟ ಬೇಡ. ಹತ್ತನೆಯ ದಿನ ಹುಡುಗ ಆಟಕ್ಕೆ ಹೋದ. ಜುಲೈ 1ರಂದು ಜೆನ್ನರ್ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನು ಹಾಕಿದ. ಏನೂ ಆಗಲಿಲ್ಲ.

ಇಂದಿನ ಯಾವ ಆಸ್ಪತ್ರೆಯ ನೀತಿ ಸಮಿತಿಯೂ ಇಂಥ ಪ್ರಯೋಗಕ್ಕೆ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆಳಿನ ಮಗ ಬೇಡ ಎನ್ನುವ ಸ್ಥಿತಿಯಲ್ಲಿದ್ದನೇ ಎಂದು ಯಾರೂ ಕೇಳಲಿಲ್ಲ. ಆದರೆ ಅಂದು ಎಂಟು ವರ್ಷದ ಮಕ್ಕಳಿಗೆ ಸಿಡುಬಿನ ಕೀವು ಹಾಕುವುದು ದಿನನಿತ್ಯದ ಚಿಕಿತ್ಸೆಯೇ ಆಗಿತ್ತು ಎಂಬುದನ್ನೂ ಮರೆಯಬಾರದು. ಅದನ್ನು ತನ್ನ ಮೈಮೇಲೆ ಅನುಭವಿಸಿದ್ದವನೇ ಜೆನ್ನರ್.

ಅವನು ಬರೆದು ಕಳಿಸಿದ ವರದಿಯನ್ನು ರಾಯಲ್ ಸೊಸೈಟಿ 1797ರಲ್ಲಿ ಪ್ರಕಟಿಸದೆ ಹಿಂದಿರುಗಿಸಿತು. ನಮ್ಮ ಅಭಿಪ್ರಾಯದಲ್ಲಿ ಅವರು ಮಾಡಿದ್ದು ತಪ್ಪಲ್ಲ. ಒಬ್ಬ ಹುಡುಗನ ಆಧಾರದ ಮೇಲೆ ಲೋಕವೇ ನಂಬಬೇಕೆಂದರೆ ಹೇಗೆ? ಜೆನ್ನರ್ ಸಿಟ್ಟಾಗಿ ಕೂರಲಿಲ್ಲ. ಅಲ್ಲಿನ ಹಸುಗಳಲ್ಲಿ ರೋಗ ಮತ್ತೆ ಕಾಣಿಸಿಕೊಳ್ಳುವವರೆಗೆ ಕಾದು, 1798ರ ವಸಂತದಲ್ಲಿ ಇನ್ನಷ್ಟು ಮಕ್ಕಳಿಗೆ ಹಾಕಿದ. ಹಸುವಿನಿಂದ ಒಬ್ಬನಿಗೆ, ಅವನ ತೋಳಿನಿಂದ ಇನ್ನೊಬ್ಬನಿಗೆ, ಹೀಗೆ ತೋಳಿನಿಂದ ತೋಳಿಗೆ ಸಾಗಿದರೂ ಗುಣ ಉಳಿಯುತ್ತದೆ ಎಂದು ತೋರಿಸಿದ. ಅದೇ ವರ್ಷ 23 ಪ್ರಕರಣಗಳ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಅದನ್ನು ಲ್ಯಾಟಿನ್‌ನಲ್ಲಿ ಬರೆಯದೆ ಇಂಗ್ಲಿಷಿನಲ್ಲಿ ಬರೆದ. ಸಾರಾ ನೆಲ್ಮ್ಸ್‌ಳ ಕೈಯ ಚಿತ್ರವನ್ನು ಬಣ್ಣದಲ್ಲಿ ಹಾಕಿಸಿದ. ಯಾವುದು ನಿಜವಾದ ದನದ ಸಿಡುಬಿನ ಗುಳ್ಳೆ, ಯಾವುದು ಅಲ್ಲ ಎಂದು ನೋಡಿದವರಿಗೆ ತಿಳಿಯುವಂತೆ. ಕೇಳಿದವರಿಗೆಲ್ಲ ಆ ರಸದಲ್ಲಿ ಅದ್ದಿ ಒಣಗಿಸಿದ ದಾರವನ್ನು ಅಂಚೆಯಲ್ಲಿ ಕಳಿಸಿದ. ಪೇಟೆಂಟು ತೆಗೆದುಕೊಳ್ಳಲಿಲ್ಲ. ತನ್ನ ತೋಟದ ಹುಲ್ಲುಮಾಡಿನ ಗುಡಿಸಲಿನಲ್ಲಿ ಬಡವರಿಗೆ ಪುಕ್ಕಟೆಯಾಗಿ ಹಾಕಿದ. ಹಸುವಿಗೆ ಲ್ಯಾಟಿನ್‌ನಲ್ಲಿ ವಾಕಾ ಎನ್ನುತ್ತಾರೆ. ಇಂದು ಎಲ್ಲ ಲಸಿಕೆಗಳಿಗೂ ನಾವು ಬಳಸುವ ವ್ಯಾಕ್ಸೀನ್ ಎಂಬ ಮಾತು ಅಲ್ಲಿಂದ ಬಂದದ್ದು. ಬೇರೆ ರೋಗಗಳ ಲಸಿಕೆಗಳಿಗೂ ಅದೇ ಹೆಸರು ಇರಲಿ ಎಂದು ಜೆನ್ನರನ ಗೌರವಾರ್ಥ ಸೂಚಿಸಿದವನು ಲೂಯಿ ಪಾಶ್ಚರ್, 1881ರಲ್ಲಿ.

ಎಡವಟ್ಟುಗಳೂ ಆದವು. ಲಂಡನ್ನಿನ ಸಿಡುಬು ಆಸ್ಪತ್ರೆಯಲ್ಲಿ ದನದ ಸಿಡುಬಿನ ರಸಕ್ಕೆ ನಿಜವಾದ ಸಿಡುಬು ಬೆರೆತು, ಹಾಕಿಸಿಕೊಂಡವರ ಮೈತುಂಬ ಗುಳ್ಳೆಗಳೆದ್ದವು. ವಿರೋಧಿಗಳಿಗೆ ಅಷ್ಟು ಸಾಕಾಗಿತ್ತು. 1802ರಲ್ಲಿ ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರ ಬರೆದ ಚಿತ್ರ ಇಂದಿಗೂ ಪ್ರಸಿದ್ಧ: ಲಸಿಕೆ ಹಾಕಿಸಿಕೊಂಡವರ ಮೂಗು, ಕಿವಿ, ತೋಳುಗಳಿಂದ ಪುಟ್ಟ ಪುಟ್ಟ ಹಸುಗಳು ಹೊರಬರುತ್ತಿವೆ. ಗೋಪೂಜೆ ಮಾಡುವ ನಮಗೆ ನಗು ಬಂದೀತು. ಅಂದು ಅಲ್ಲಿನ ತಾಯಂದಿರಿಗೆ ಅದು ನಿಜವಾದ ಭಯ. ಆದರೂ ಕೆಲವೇ ವರ್ಷಗಳಲ್ಲಿ ಲಸಿಕೆ ಯುರೋಪನ್ನೆಲ್ಲ ಮುಟ್ಟಿತು. 1800ರಲ್ಲಿ ಬಾಸ್ಟನ್ನಿಗೆ ಬಂತು. ಪಾರ್ಲಿಮೆಂಟು ಅವನಿಗೆ 1802ರಲ್ಲಿ 10,000 ಪೌಂಡು, 1807ರಲ್ಲಿ ಇನ್ನೂ 20,000 ಪೌಂಡು ಕೊಟ್ಟಿತು. ಊರೂರಿನ ಪತ್ರಗಳಿಗೆ ಉತ್ತರ ಬರೆಯುವುದರಲ್ಲೇ ಹೊತ್ತು ಹೋಗಿ ಅವನ ಪ್ರಾಕ್ಟೀಸು ಆ ವೇಳೆಗೆ ಬಹುಮಟ್ಟಿಗೆ ನಿಂತುಹೋಗಿತ್ತು.

ನಮ್ಮ ದೇಶಕ್ಕೆ ಅದು ಬಂದ ಬಗೆ ಒಂದು ಸಾಹಸದ ಕಥೆ. ಫ್ರಿಜ್ ಇಲ್ಲದ ಕಾಲ. ಹಡಗು ಉಷ್ಣವಲಯ ದಾಟುವಷ್ಟರಲ್ಲಿ ರಸ ಕೆಟ್ಟುಹೋಗುತ್ತಿತ್ತು. ಕೊನೆಗೆ ವಿಯೆನ್ನಾದ ಡಾಕ್ಟರ್ ಡಿ ಕಾರೋ ಎಂಬಾತ ರಸದಲ್ಲಿ ಅದ್ದಿದ ದಾರವನ್ನು ಗಾಜಿನ ಹಲ್ಲೆಗಳ ನಡುವೆ ಇಟ್ಟು, ಮೇಣದಿಂದ ಮುಚ್ಚಿ ಬಾಗ್ದಾದಿಗೆ ಕಳಿಸಿದ. ಅಲ್ಲಿಂದ ಬಸ್ರಾ, ಬಸ್ರಾದಿಂದ ಹಡಗಿನಲ್ಲಿ ಬೊಂಬಾಯಿ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನ ಮೇಲೆ ಅದು ಎದ್ದಿತು. ಆ ಒಂದು ಮಗುವಿನ ತೋಳಿನಿಂದ ಐವರಿಗೆ, ಅವರಿಂದ ಇನ್ನಷ್ಟು ಮಂದಿಗೆ, ಹಾಗೆಯೇ ದೇಶದ ಉದ್ದಗಲಕ್ಕೆ ಸಾಗಿತು. ಒಬ್ಬರ ಮೈಯ ರಸ ಇನ್ನೊಬ್ಬರ ಮೈಗೆ ಎಂದರೆ ಜಾತಿಯ ಪ್ರಶ್ನೆ ಬರದೆ ಇರುತ್ತದೆಯೆ? ಬಂತು. ಸಿಡುಬು ಚುಚ್ಚಿ ಬದುಕುತ್ತಿದ್ದ ಟೀಕಾದಾರರ ಹೊಟ್ಟೆಯ ಪ್ರಶ್ನೆಯೂ ಬಂತು.

ಮೈಸೂರಿನ ಅರಮನೆ ಈ ಕಥೆಯೊಳಗೆ ಬರುವುದು ಇಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡದ್ದು ಸಿಡುಬಿನಿಂದ, 1796ರಲ್ಲಿ. ಜೇಮ್ಸ್ ಫಿಪ್ಸ್‌ಗೆ ಜೆನ್ನರ್ ಲಸಿಕೆ ಹಾಕಿದ್ದೂ ಅದೇ ವರ್ಷ. ಟಿಪ್ಪುವಿನ ಪತನದ ನಂತರ 1799ರಲ್ಲಿ ಪಟ್ಟಕ್ಕೆ ಬಂದ ಬಾಲಕ ರಾಜರಿಗೆ ಅಜ್ಜಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರೂ ದಿವಾನ್ ಪೂರ್ಣಯ್ಯನವರೂ ಆಸರೆ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೂವರು ಹೆಂಗಸರ ದೊಡ್ಡ ತೈಲಚಿತ್ರವೊಂದನ್ನು ಬರೆದ. ಬಹುಕಾಲ ಅವರನ್ನು ನರ್ತಕಿಯರೆಂದು ತಿಳಿದಿದ್ದರು. ಅವರು ಮೈಸೂರಿನ ರಾಣಿಯರೆಂದು ನೈಜೆಲ್ ಚಾನ್ಸಲರ್ ಎಂಬ ಇತಿಹಾಸಕಾರರು ವಾದಿಸಿದ್ದಾರೆ. ಬಲಗಡೆ ನಿಂತ ಕಿರಿಯ ರಾಣಿ ದೇವಾಜಮ್ಮಣ್ಣಿಯವರು ಸೀರೆಯ ಸೆರಗನ್ನು ಸರಿಸಿ ತೋಳಿನ ಕಡೆ ಬೆರಳು ತೋರಿಸುತ್ತಿದ್ದಾರೆ: ಲಸಿಕೆ ಹಾಕಿಸಿಕೊಂಡ ಜಾಗ. ಎಡಗಡೆಯವರ ಮೂಗು ಬಾಯಿಗಳ ಸುತ್ತ ಬಣ್ಣ ಮಾಸಿದೆ: ಹಳೆಯ ಪದ್ಧತಿಯ, ಹಕ್ಕಳೆಯ ಪುಡಿ ಮೂಗಿಗೇರಿಸಿದ ಗುರುತು. ನಡುವೆ ಹಿರಿಯರಾದ ಲಕ್ಷ್ಮಮ್ಮಣ್ಣಿಯವರು. ಈ ವಿವರಣೆ ಸರಿಯಾದರೆ, ಪರಪುರುಷರೆದುರು ಮುಖ ತೋರದ ರಾಣೀವಾಸದ ಹೆಂಗಸರು ಪ್ರಜೆಗಳ ಭಯ ಬಿಡಿಸಲೆಂದು ಚಿತ್ರಕ್ಕೆ ನಿಂತರು ಎಂದಾಯಿತು. ಸಿಡುಬು ಆ ಮನೆಯಲ್ಲಿ ಏನು ಮಾಡಿತ್ತೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ನಮಗೆ ಸಮಾಧಾನವಿಲ್ಲ. ಹಸುವಿನ ಲಸಿಕೆ ಧನ್ವಂತರಿಗೇ ಗೊತ್ತಿತ್ತು ಎಂದು ಸಾರುವ ಸಂಸ್ಕೃತ ವಚನವೊಂದು ನಮ್ಮ ವಾಟ್ಸಾಪ್ ಬಳಗಗಳಲ್ಲಿ ಆಗಾಗ ಓಡಾಡುತ್ತದೆ. ಅದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಬಹುಶಃ ನಮ್ಮವರನ್ನು ಲಸಿಕೆಗೆ ಒಪ್ಪಿಸುವ ಸದುದ್ದೇಶದಿಂದಲೇ, ಹೊಸದಾಗಿ ಹೊಸೆದದ್ದೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ನಮ್ಮವರು ಸಿಡುಬನ್ನೇ ಚುಚ್ಚಿ ಸಿಡುಬನ್ನು ತಡೆಯುತ್ತಿದ್ದದ್ದು ನಿಜ, ಹೆಮ್ಮೆಪಡಲು ಅಷ್ಟೇ ಬೇಕಾದಷ್ಟಾಯಿತು.

ಜೆನ್ನರನಿಗೆ ಎಲ್ಲವೂ ಗೊತ್ತಿತ್ತೆಂದಲ್ಲ. ವೈರಸ್ ಎಂಬುದೊಂದಿದೆ ಎಂದು ತಿಳಿದದ್ದು ಅವನು ಸತ್ತು ಎಪ್ಪತ್ತು ವರ್ಷದ ಮೇಲೆ. ಒಮ್ಮೆ ಹಾಕಿದರೆ ಜೀವಮಾನವಿಡೀ ರಕ್ಷೆ ಎಂದು ಅವನು ಹಟ ಹಿಡಿದಿದ್ದ. ಅದು ತಪ್ಪು, ಕೆಲವು ವರ್ಷಗಳ ಮೇಲೆ ಮತ್ತೆ ಹಾಕಬೇಕು. ಅಜ್ಜಿಯರ ತೋಳಿನ ಎರಡನೆಯ ಕಲೆಗೆ ಇದೇ ಕಾರಣ. ದನದ ಸಿಡುಬು ಮೂಲತಃ ಕುದುರೆಯ ರೋಗದಿಂದ ಬಂದದ್ದೆಂದು ಅವನು ಹೇಳಿದಾಗ ಎಲ್ಲರೂ ನಕ್ಕರು. 1902ರಲ್ಲಿ ಅಮೆರಿಕದಲ್ಲಿ ತಯಾರಾದ ಸಿಡುಬಿನ ಲಸಿಕೆಯೊಂದನ್ನು 2017ರಲ್ಲಿ ಪರೀಕ್ಷಿಸಿದಾಗ ಅದರೊಳಗಿನ ವೈರಸ್ ಕುದುರೆ ಸಿಡುಬಿಗೆ ಬಹಳ ಹತ್ತಿರದ್ದೆಂದು ಕಂಡುಬಂತು!

ಅವನ ನಂತರ ಇಂಗ್ಲೆಂಡು 1853ರಲ್ಲಿ ಲಸಿಕೆಯನ್ನು ಕಡ್ಡಾಯ ಮಾಡಿತು, ಜನ ತಿರುಗಿಬಿದ್ದರು. 1885ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ದೊಡ್ಡ ಮೆರವಣಿಗೆಯೇ ನಡೆಯಿತು, ಜೆನ್ನರನ ಪ್ರತಿಕೃತಿಯನ್ನೂ ಹೊತ್ತು. ಅವರೆಲ್ಲ ಮೂಢರೆಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ತೋಳಿನಿಂದ ತೋಳಿಗೆ ಹಾಕುವಾಗ ಬೇರೆ ರೋಗಗಳು ಅಂಟುತ್ತಿದ್ದದ್ದು ಉಂಟು. ದಂಡ ಕಟ್ಟಲಾರದ ಬಡವರೇ ಜೈಲಿಗೆ ಹೋಗುತ್ತಿದ್ದರು. 1898ರ ಕಾನೂನು ಕರುವಿನ ಮೈಯಿಂದ ತೆಗೆದ ಶುದ್ಧ ರಸವನ್ನು ಬಳಕೆಗೆ ತಂದು, ಮನಸ್ಸಾಕ್ಷಿ ಒಪ್ಪದವರಿಗೆ ವಿನಾಯಿತಿಯನ್ನೂ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು.

ನಮ್ಮ ಕ್ಲಿನಿಕ್ಕಿಗೆ ಬರುವ ತಂದೆ ತಾಯಿಯರು, ಅವರಲ್ಲಿ ಓದಿದ ಕನ್ನಡಿಗರೂ ಉಂಟು, ದಡಾರದ ಲಸಿಕೆಯಿಂದ ಆಟಿಸಂ ಬರುತ್ತದಂತೆ ಹೌದೇ ಎಂದು ಕೇಳುತ್ತಾರೆ. ಆ ಮಾತು ಹುಟ್ಟಿದ್ದು 1998ರಲ್ಲಿ, ಜೆನ್ನರನ ಪುಸ್ತಕ ಬಂದು ಸರಿಯಾಗಿ 200 ವರ್ಷಕ್ಕೆ, 12 ಮಕ್ಕಳ ಮೇಲಿನ ಒಂದು ಲೇಖನದಿಂದ. ಹನ್ನೆರಡು ಸಣ್ಣ ಸಂಖ್ಯೆ ಎಂದರೆ ಇಪ್ಪತ್ಮೂರೂ ಸಣ್ಣದೇ ಅಲ್ಲವೇ ಎಂದು ಒಬ್ಬ ತಂದೆ ನಮ್ಮನ್ನು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಜೆನ್ನರ್ ಹೇಳಿದ್ದನ್ನು ಬಾಸ್ಟನ್, ವಿಯೆನ್ನಾ, ಬೊಂಬಾಯಿಗಳಲ್ಲಿ ಬೇರೆಯವರು ಮಾಡಿ ನೋಡಿದರು, ಹಾಗೆಯೇ ಆಯಿತು. 1998ರ ಮಾತನ್ನೂ ಬೇರೆಯವರು ಪರೀಕ್ಷಿಸಿದರು, ಡೆನ್ಮಾರ್ಕಿನಲ್ಲಿ 6.5 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಅಂಥ ಸಂಬಂಧ ಕಾಣಲಿಲ್ಲ. ಆ ಲೇಖನವನ್ನು ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತ್ತು. ಇಷ್ಟನ್ನು ವಿವರಿಸಲು ನಮಗೆ ಹತ್ತು ನಿಮಿಷ ಹಿಡಿಯುತ್ತದೆ, ಮುಂದಿನ ಅಪಾಯಿಂಟ್‌ಮೆಂಟಿನವರು ಹೊರಗೆ ಗಡಿಯಾರ ನೋಡುತ್ತಿರುತ್ತಾರೆ. ಆದರೂ ಹೇಳುತ್ತೇವೆ. 2025ರಲ್ಲಿ ಟೆಕ್ಸಾಸಿನಲ್ಲಿ ದಡಾರ ಹರಡಿದಾಗ ಲಸಿಕೆ ಹಾಕಿಸದ ಇಬ್ಬರು ಶಾಲೆಯ ಮಕ್ಕಳು ತೀರಿಕೊಂಡರು. ಸೋಮಾಲಿಯಾದ ಆ ಅಡಿಗೆಯವನು, ಅಲಿ ಮಾವ್ ಮಾಲಿನ್, ಚುಚ್ಚಿದರೆ ನೋಯುತ್ತದೆಂದು ಹೆದರಿ ಲಸಿಕೆ ತಪ್ಪಿಸಿಕೊಂಡಿದ್ದ. ಬದುಕಿ ಉಳಿದ ಮೇಲೆ ಪೋಲಿಯೋ ಹನಿ ಹಾಕುವವರ ಜೊತೆ ಸೇರಿ, ಹಿಂಜರಿಯುವ ತಾಯಂದಿರಿಗೆ ತನ್ನ ಕಥೆಯನ್ನೇ ಹೇಳುತ್ತ ತಿರುಗಿದ. 2013ರಲ್ಲಿ ಆ ಕೆಲಸದ ಮೇಲಿದ್ದಾಗಲೇ ಮಲೇರಿಯಾದಿಂದ ತೀರಿಕೊಂಡ.

ಮತ್ತೆ ಬರ್ಕ್ಲಿಗೆ ಬರೋಣ. ಜೆನ್ನರನ ಕೊನೆಯ ವರ್ಷಗಳು ಸುಖದವಲ್ಲ. ಹಿರಿಯ ಮಗ 1810ರಲ್ಲಿ, ಹೆಂಡತಿ ಕ್ಯಾಥರೀನ್ 1815ರಲ್ಲಿ, ಇಬ್ಬರೂ ಕ್ಷಯದಿಂದ ತೀರಿಕೊಂಡರು. ಅದಕ್ಕೆ ಅವನ ಬಳಿ ಮದ್ದಿರಲಿಲ್ಲ. ಹೆಂಡತಿ ಹೋದ ಮೇಲೆ ಅವನು ಲಂಡನ್ನಿನ ಓಡಾಟ ಬಿಟ್ಟು ಊರಿನಲ್ಲೇ ಉಳಿದು, ಮತ್ತೆ ಹಕ್ಕಿಗಳ ಹಿಂದೆ ಬಿದ್ದ. ಜೇಮ್ಸ್ ಫಿಪ್ಸ್‌ನಿಗೆ ಮದುವೆಯಾಗಿ ಮಕ್ಕಳಾಗಿದ್ದಾಗ ಅವನಿಗೆ ಬಾಡಿಗೆಯಿಲ್ಲದೆ ಒಂದು ಪುಟ್ಟ ಮನೆ ಕೊಟ್ಟು, ಅದರ ಮುಂದೆ ತಾನೇ ಗುಲಾಬಿ ಗಿಡ ನೆಟ್ಟ. 1823ರ ಜನವರಿ 26ರಂದು, 73ನೆಯ ವಯಸ್ಸಿನಲ್ಲಿ, ಪಾರ್ಶ್ವವಾಯುವಿನಿಂದ ಜೆನ್ನರ್ ನಿಧನನಾದ. ಹೆಂಡತಿಯ ಪಕ್ಕದಲ್ಲಿ, ತಂದೆ ಪಾದ್ರಿಯಾಗಿದ್ದ ಅದೇ ಚರ್ಚಿನಲ್ಲಿ ಮಣ್ಣು ಮಾಡಿದರು. ಅಂದು ಬಂದವರಲ್ಲಿ ಫಿಪ್ಸ್‌ನೂ ಇದ್ದ. ಅವನು ತೀರಿಕೊಂಡದ್ದು 1853ರಲ್ಲಿ. ಲಸಿಕೆಯ ಗುಣವನ್ನು ಇನ್ನೊಬ್ಬರಿಗೆ ತೋರಿಸಿಕೊಡಲು ಅವನ ತೋಳಿಗೆ ಜೀವಮಾನದಲ್ಲಿ ಸುಮಾರು ಇಪ್ಪತ್ತು ಸಲ ಸಿಡುಬಿನ ಕೀವು ಹಾಕಿದ್ದರು. ಒಂದು ಸಲವೂ ಸಿಡುಬು ಏಳಲಿಲ್ಲ.